ಬೀಟೆ ಯಾರ ಮರ?

ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬಾಗಿಲೊಂದಿದೆ. ಅದರ ಮರ ಬೀಟೆ. 1897ರ ಬೆಂಕಿಗೆ ಹಳೆಯ ಅರಮನೆ ಆಹುತಿಯಾಗಿ 1912ರಲ್ಲಿ ಹೊಸದು ಮುಗಿದಾಗ ಬೀಟೆಗೆ ಅಲ್ಲಿ ಇಂಥ ಜಾಗ ಸಿಕ್ಕಿದ್ದು ಅದರ ಚೇಗಿನ ಗುಣದಿಂದ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಒಳಗಿನ ಚೇಗಿಗೆ ಗೆದ್ದಲೂ ಸುಲಭಕ್ಕೆ ಬಾಯಿ ಹಾಕದು. ಕಂದಿನಿಂದ ಕಡುನೇರಳೆಯವರೆಗೆ ಬಣ್ಣ, ನಡುನಡುವೆ ಕಪ್ಪು ಗೆರೆ. ಹಸಿ ದಿಮ್ಮಿ ಕೊಯ್ದರೆ ಗುಲಾಬಿಯ ನಸುಗಂಪು. ಘನಮೀಟರಿಗೆ ಸುಮಾರು 850 ಕೆ.ಜಿ. ತೂಗುವ ಈ ಮರದಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಬಡಗಿಯನ್ನು ದಣಿಸುವ ಆ ಗಟ್ಟಿತನವೇ ಮೈಸೂರಿನ ಇನ್‌ಲೇ ಕೆಲಸಕ್ಕೆ ಆಸರೆ. ತೋಡಿದ ಕುಳಿಯ ಅಂಚು ಚಕ್ಕೆ ಏಳದೆ ನಿಂತರೆ ಮಾತ್ರ ಹಲಸಿನ ಹಳದಿ ತುಂಡು ಸಂದಿಲ್ಲದೆ ಕೂರುತ್ತದೆ. ಉಪ್ಪುಕಾಗದ ತಿಕ್ಕಿ ಪಾಲಿಶ್ ಕೊಟ್ಟ ಮೇಲೆ ಬೆರಳಾಡಿಸಿದರೂ ಎರಡು ಮರ ಸೇರಿದ ಜಾಗ ಗೊತ್ತಾಗುವುದಿಲ್ಲ.

ಇಂಥ ಮರ ಅಪರೂಪವಾಗಲು ಕೊಡಲಿಯೊಂದೇ ಕಾರಣವೆಂದು ನಾವು ಹೇಳಿಕೊಂಡು ಬಂದಿದ್ದೇವೆ. ಕಂದಾಯದ ಕಡತಗಳ ಪಾಲೂ ಅದರಲ್ಲಿ ಕಡಿಮೆಯಿಲ್ಲ ಎಂಬುದು ನನ್ನ ವಾದ. ಕೊಡಗನ್ನೇ ನೋಡಿ. ಬ್ರಿಟಿಷರ ಕಾಲದ ಕಂದಾಯ ವ್ಯವಸ್ಥೆ ಅಲ್ಲಿನ ಜಮೀನುಗಳನ್ನು ರಿಡೀಮ್ಡ್, ಅನ್‌ರಿಡೀಮ್ಡ್ ಎಂದು ವಿಂಗಡಿಸಿತು. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದಿದ್ದರೆ, ಬೆಳೆಗಾರ ತಲೆಮಾರುಗಟ್ಟಲೆ ಕಾಯ್ದ ಬೀಟೆಯೂ ಅವನದಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಈ ವಿಂಗಡಣೆ ಹೋಗಲಿಲ್ಲ. ಮುಂದೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆಂದಿತು, ಸಿಲ್ವರ್ ಓಕ್‌ನಂಥ ಕೆಲವನ್ನು ಮಾತ್ರ ಹೊರಗಿಟ್ಟಿತು. ಫಲಿತಾಂಶ ಕಾಫಿ ತೋಟಗಳಲ್ಲಿ ಕಣ್ಣಿಗೆ ರಾಚುತ್ತದೆ: ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಸಾಲುಸಾಲಾಗಿ ನಿಂತಿದೆ, ಇಲ್ಲಿಯದೇ ಆದ ಬೀಟೆ ಹಿಂದೆ ಸರಿದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಧಾರವಾಗುತ್ತದೆ ಎಂಬ ಕಾರಣಗಳೂ ಇವೆ, ನಿಜ. ಆದರೆ ಬೇಕೆಂದಾಗ ಕಡಿದು ಮಾರಬಹುದು ಎಂಬ ಧೈರ್ಯದ ತೂಕವೇ ಬೇರೆ.

ಕಾನೂನು ಇಲ್ಲದಿದ್ದರೆ ಉಳಿದ ಬೀಟೆಯೂ ನೆಲಕ್ಕುರುಳುತ್ತಿತ್ತಲ್ಲವೇ ಎಂದು ಕೇಳಬಹುದು. ಕಾಡಿನ ಮಟ್ಟಿಗೆ ಈ ಮಾತು ಪೂರಾ ಸರಿ. ಬ್ರೆಜಿಲ್‌ನ ರೋಸ್‌ವುಡ್ ಬಹುಪಾಲು ಬರಿದಾಗಿ 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. ಬೀಟೆಯನ್ನೂ ಒಳಗೊಂಡ ಆ ಇಡೀ ಕುಲ 2017ರಿಂದ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿರುವುದೂ ನ್ಯಾಯವೇ. ನನ್ನ ತಕರಾರು ತೋಟದ ಬೀಟೆಯ ಬಗ್ಗೆ. ಶ್ರೀಗಂಧದ ಒಡೆತನವನ್ನು ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಬೆಳೆದವನಿಗೆ ಕೊಟ್ಟಿತು; ಆಮೇಲೆ ರೈತರು ತಾವಾಗಿ ಗಂಧದ ಸಸಿ ನೆಡತೊಡಗಿದರು. ಕಳ್ಳತನ ನಿಂತಿಲ್ಲ, ಆದರೂ ಸಸಿ ಮಣ್ಣಿಗಿಳಿಯಿತು.

ಗಂಧಕ್ಕಿಂತ ಬೀಟೆ ಬಲಿಯಲು ಬಹಳ ಹೆಚ್ಚು ಕಾಲ ಬೇಕು, ಲಾಭಕ್ಕಾಗಿ ಅದನ್ನು ಯಾರು ನೆಡುತ್ತಾರೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅದಕ್ಕೆ ಉತ್ತರ ಮರದ ಬೇರಲ್ಲೇ ಇದೆ. ಬೀಟೆ ಬೇರಿನಿಂದಲೇ ಚಿಗುರಿ ಹೊಸ ಸಸಿ ಕೊಡುತ್ತದೆ. ತೋಟದಲ್ಲಿ ಅದನ್ನು ನೆಡಬೇಕಾದ ಪ್ರಮೇಯವೇ ಕಡಿಮೆ. ಕಳೆ ತೆಗೆಯುವಾಗ ಕತ್ತಿ ಸೋಕಿಸದಿದ್ದರೆ ಸಾಕು. ನಾಳೆ ತನ್ನದಾಗದ ಮರವನ್ನು ಮೊಳಕೆಯಲ್ಲೇ ಸವರಿಬಿಡುವುದು ಬೆಳೆಗಾರನಿಗೆ ಸುಲಭ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಆ ಸಸಿಯನ್ನು ಅವನ ಹೆಸರಿಗೆ ದಾಖಲಿಸಿ, ಬಲಿತ ಮೇಲೆ ಕಡಿಯುವ ಹಕ್ಕನ್ನು ಅವನ ಮಕ್ಕಳು ಮೊಮ್ಮಕ್ಕಳಿಗೂ ಬರೆದುಕೊಡುವ ಕೆಲಸ ಇನ್ನೂ ಆಗಬೇಕಿದೆ.