ಶಾಲೆಯಲ್ಲಿ ತೀವ್ರ ಅಲರ್ಜಿ: ತುರ್ತು ಚಿಕಿತ್ಸೆಯ ಬಗೆಗೆ ಪೋಷಕರು ತಿಳಿದಿರಬೇಕಾದುದು

ಮಕ್ಕಳ ಮೈಮೇಲೆ ಕೆಂಪು ದದ್ದು ಎದ್ದರೆ ‘ಪಿತ್ತಗಂಧೆ’ ಎಂದು ಕರೆದು ಮನೆಮದ್ದು ಮಾಡುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಬಹುಪಾಲು ಸಂದರ್ಭಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆದರೆ ಅದರೊಡನೆ ಉಸಿರಾಟದ ತೊಂದರೆಯಾಗಲೀ ರಕ್ತದೊತ್ತಡದ ಕುಸಿತವಾಗಲೀ ಸೇರಿಕೊಂಡರೆ ಅದು ‘ಅನಾಫಿಲ್ಯಾಕ್ಸಿಸ್’ ಎಂಬ ತೀವ್ರ ಅಲರ್ಜಿ. ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಮಕ್ಕಳು ಹಗಲಿನ ಹೆಚ್ಚಿನ ಹೊತ್ತನ್ನು ಕಳೆಯುವುದು ಶಾಲೆಯಲ್ಲಿ. ಆದ್ದರಿಂದ ಈ ವಿಷಯ ಪೋಷಕರಿಗೂ ಶಿಕ್ಷಕರಿಗೂ ಸಮಾನವಾಗಿ ಸಂಬಂಧಿಸಿದ್ದು.

ಹಿನ್ನೆಲೆ

ಈ ಹೆಸರನ್ನು 1902ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ವಿಜ್ಞಾನಿಗಳಾದ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ. ಸಮುದ್ರಜೀವಿಯ ವಿಷವನ್ನು ಒಮ್ಮೆ ತಾಳಿಕೊಂಡ ನಾಯಿಗಳು ಕೆಲವು ವಾರಗಳ ನಂತರ ಅತ್ಯಲ್ಪ ಪ್ರಮಾಣಕ್ಕೇ ಸತ್ತುಹೋದುದನ್ನು ಅವರು ಕಂಡರು. ಈ ಸಂಶೋಧನೆಗಾಗಿ ರಿಷೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮೊದಲ ಸಲ ಏನೂ ಆಗದ ಆಹಾರ ಮುಂದೊಮ್ಮೆ ಅಪಾಯ ತರಬಹುದೆಂಬ ಎಚ್ಚರಿಕೆ ಇದರಲ್ಲಿದೆ.

ಲಕ್ಷಣಗಳು

ಕಡಲೆಕಾಯಿ, ಗೋಡಂಬಿ, ಹಾಲು, ಮೊಟ್ಟೆ, ಮೀನು, ಸೀಗಡಿ, ಎಳ್ಳು ಮುಂತಾದ ಆಹಾರಗಳು, ಜೇನುನೊಣ ಮತ್ತು ಕಣಜದ ಕಡಿತ, ಕೆಲವು ಔಷಧಗಳು ಸಾಮಾನ್ಯ ಕಾರಣಗಳು. ತುಟಿ, ನಾಲಗೆಗಳ ಊತ, ದನಿ ಬದಲಾಗುವುದು, ಬಿಡದ ಕೆಮ್ಮು, ಉಬ್ಬಸ, ಮತ್ತೆ ಮತ್ತೆ ವಾಂತಿ, ಮುಖ ಬಿಳಿಚುವುದು, ಕುಸಿದು ಬೀಳುವುದು ಮುಖ್ಯ ಲಕ್ಷಣಗಳು. ಕೆಲವು ಮಕ್ಕಳಲ್ಲಿ ಚರ್ಮದ ಮೇಲೆ ಯಾವ ಗುರುತೂ ಕಾಣದೆಯೂ ಇರಬಹುದು.

ತುರ್ತು ಚಿಕಿತ್ಸೆ

ಮೊದಲ ಔಷಧ ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಮಧ್ಯಭಾಗದಲ್ಲಿ ಸ್ನಾಯುವಿಗೆ ಇದನ್ನು ಕೊಡಬೇಕು. ಪ್ರಮಾಣ, ದೇಹತೂಕದ ಪ್ರತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ. ಒಂದು ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಿನಿಂದ 20 ಕಿಲೋ ತೂಕದ ಮಗುವಿಗೆ 0.2 ಮಿಲಿಲೀಟರ್ ಎಂದಾಯಿತು. ಗುಣ ಕಾಣದಿದ್ದರೆ 5ರಿಂದ 15 ನಿಮಿಷಗಳ ಅಂತರದಲ್ಲಿ ಮತ್ತೊಮ್ಮೆ ಕೊಡುತ್ತಾರೆ. ಇದು ವೈದ್ಯರು ಅಥವಾ ತರಬೇತಿ ಪಡೆದವರು ಮಾಡಬೇಕಾದ ಕೆಲಸ.

ಸೆಟಿರಿಜಿನ್, ಅವಿಲ್ ಮುಂತಾದವು ತುರಿಕೆಯನ್ನು ಇಳಿಸುತ್ತವೆಯೇ ಹೊರತು ಮುಚ್ಚಿಕೊಳ್ಳುತ್ತಿರುವ ಉಸಿರಿನ ದಾರಿಯನ್ನು ತೆರೆಯಲಾರವು. ಮಾತ್ರೆ ಕೊಟ್ಟು ಕಾದು ನೋಡುವುದರಲ್ಲೇ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಬಹುದು. ನಿಲ್ಲಿಸುವುದಾಗಲೀ ನಡೆಸಿಕೊಂಡು ಹೋಗುವುದಾಗಲೀ ಸಲ್ಲದು. ಹಠಾತ್ತನೆ ಎದ್ದರೆ ರಕ್ತದೊತ್ತಡ ಮತ್ತಷ್ಟು ಕುಸಿಯಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು. ತಮಿಳುನಾಡಿನಲ್ಲಿ ಈ ಸೇವೆ 2008ರಿಂದ ನಡೆಯುತ್ತಿದೆ. ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟಾದ್ದರಿಂದ ಮಗು ಚೇತರಿಸಿಕೊಂಡರೂ ಆಸ್ಪತ್ರೆಯ ನಿಗಾ ಅವಶ್ಯ.

ಶಾಲೆಗಳ ವ್ಯವಸ್ಥೆ

ಕೆನಡಾದ ಆಂಟಾರಿಯೊ ಪ್ರಾಂತ್ಯದಲ್ಲಿ 2003ರಲ್ಲಿ ಶಾಲಾಬಾಲಕಿಯೊಬ್ಬಳು ಇದರಿಂದ ತೀರಿಕೊಂಡ ಮೇಲೆ ‘ಸಬ್ರಿನಾ ಕಾಯಿದೆ’ ರೂಪುಗೊಂಡು 2006ರಲ್ಲಿ ಜಾರಿಗೆ ಬಂದಿತು. ಅಮೆರಿಕದಲ್ಲಿ 2013ರಲ್ಲಿ ಶಾಲೆಗಳು ಅಡ್ರಿನಲಿನ್ ಇಟ್ಟುಕೊಳ್ಳುವುದನ್ನು ಉತ್ತೇಜಿಸುವ ಕಾನೂನಾಯಿತು. ಬ್ರಿಟನ್ನಿನ ಶಾಲೆಗಳು 2017ರ ಅಕ್ಟೋಬರಿನಿಂದ ವೈದ್ಯರ ಚೀಟಿಯಿಲ್ಲದೆ ಅಡ್ರಿನಲಿನ್ ಪೆನ್ನುಗಳನ್ನು ಕೊಳ್ಳಬಹುದಾಗಿದೆ.

ನಮ್ಮಲ್ಲಿ ಇಂತಹ ಪೆನ್ನು ಸಾಮಾನ್ಯ ಔಷಧದಂಗಡಿಗಳಲ್ಲಿ ಸುಲಭವಾಗಿ ದೊರೆಯುವಂಥದ್ದಲ್ಲ. ಅಗ್ಗದ ಆಂಪೂಲ್ ದೊರೆಯುತ್ತದೆ. ಅದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಕೊರತೆ ಇರುವುದು ಅದನ್ನು ಸಿರಿಂಜಿಗೆ ತುಂಬಿ ಕೊಡಬಲ್ಲ ಕೈಗಳದ್ದು. ಆದ್ದರಿಂದ ಶಾಲೆಗೆ ಅತಿ ಸಮೀಪದ ಆಸ್ಪತ್ರೆ ಯಾವುದು, ಅಲ್ಲಿಗೆ ತಲುಪಲು ಎಷ್ಟು ನಿಮಿಷ ಬೇಕು ಎಂಬುದನ್ನು ಮೊದಲೇ ಬರೆದಿಡುವುದು ಲೇಸು. ಔಷಧವನ್ನು ಇಟ್ಟುಕೊಂಡರೆ ಚೆನ್ನೈನ ಬಿಸಿಲು ತಾಗದಂತೆ ಕಾಪಾಡಬೇಕು. ಬಣ್ಣ ತಿರುಗಿದ ಔಷಧ ಬಳಕೆಗೆ ಬಾರದು.

1920ರಲ್ಲಿ ಮದ್ರಾಸ್ ನಗರಸಭೆ ಥೌಸಂಡ್ ಲೈಟ್ಸ್ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿದ ಊರು ಇದು. 2022ರಿಂದ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬೆಳಗಿನ ಉಪಾಹಾರವೂ ಬಂದಿದೆ. ಎಲ್ಲ ಮಕ್ಕಳಿಗೂ ಒಂದೇ ಪಾತ್ರೆಯ ಅಡುಗೆ ಎಂಬುದು ಈ ಯೋಜನೆಗಳ ಹಿರಿಮೆ. ಆದರೆ ಅಲರ್ಜಿ ಇರುವ ಮಗುವಿನ ವಿವರ ತರಗತಿಯ ಶಿಕ್ಷಕರಿಗಷ್ಟೇ ಅಲ್ಲದೆ ಅಡುಗೆಯವರಿಗೂ ತಿಳಿದಿರಬೇಕಾದುದು ಅದೇ ಕಾರಣಕ್ಕಾಗಿ.

ಒಂದು ಪದದ ಗೊಂದಲ

ಚೆನ್ನೈ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಾವು ‘ಕಡಲೆ’ ಎನ್ನುವುದು ಕಡಲೆಕಾಳಿಗೆ. ಇಲ್ಲಿ ಬರಿದೇ ‘ಕಡಲೈ’ ಎಂದರೆ ಹೆಚ್ಚಾಗಿ ಕಡಲೆಕಾಯಿ ಬೀಜ. ‘ಕಡಲೈ ಮಿಠಾಯಿ’ ಆಗುವುದು ಅದರಿಂದಲೇ. ಕಡಲೆಕಾಳು ‘ಕೊಂಡೈಕ್ಕಡಲೈ’, ಹುರಿಗಡಲೆ ‘ಪೊಟ್ಟುಕ್ಕಡಲೈ’, ಕಡಲೆಕಾಯಿ ‘ವೇರ್ಕ್ಕಡಲೈ’ ಅಥವಾ ‘ನಿಲಕ್ಕಡಲೈ’. ಕಡಲೆಕಾಳು ಒಗ್ಗದ ಮಗುವಿನ ತಾಯಿ ‘ಕಡಲೆ ಕೊಡಬೇಡಿ’ ಎಂದಷ್ಟೇ ಹೇಳಿದರೆ ಕಡಲೆಕಾಯಿಯನ್ನು ತಪ್ಪಿಸಿ ಸುಂಡಲನ್ನು ಬಡಿಸುವ ಸಂಭವವಿದೆ. ಗೋಡಂಬಿಗೆ ‘ಮುಂದಿರಿ’, ಅಲರ್ಜಿಗೆ ‘ಒವ್ವಾಮೈ’ ಎಂಬ ಪದಗಳನ್ನೂ ತಿಳಿದಿರುವುದು ಒಳ್ಳೆಯದು. ಚಟ್ನಿ, ಪುಳಿಯೋಗರೆ, ಇಡ್ಲಿಯ ಪುಡಿಗಳಲ್ಲಿ ಕಡಲೆಕಾಯಿ, ಎಳ್ಳುಗಳು ಕಣ್ಣಿಗೆ ಕಾಣದಂತೆ ಸೇರಿರುತ್ತವೆ.

ಪೋಷಕರು ಮಾಡಬೇಕಾದುದು

ಮಗುವಿನ ಭಾವಚಿತ್ರ, ತೂಕ, ಒಗ್ಗದ ಪದಾರ್ಥಗಳ ತಮಿಳು ಹಾಗೂ ಇಂಗ್ಲಿಷ್ ಹೆಸರು, ವೈದ್ಯರು ಸಹಿ ಮಾಡಿದ ಚಿಕಿತ್ಸಾಕ್ರಮ, ಎರಡು ದೂರವಾಣಿ ಸಂಖ್ಯೆಗಳು ಇರುವ ಒಂದು ಹಾಳೆಯನ್ನು ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಶಾಲೆಗೆ ಕೊಡಬೇಕು. ತೂಕ ಹೆಚ್ಚಿದಂತೆ ಔಷಧದ ಪ್ರಮಾಣವೂ ಬದಲಾಗುತ್ತದೆ. ಪೊಟ್ಟಣದ ತಿಂಡಿಗಳಲ್ಲಿ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ವಿಧಿಸುತ್ತವೆ. ಅದನ್ನು ಓದುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಬೇಕು. ಸಹಪಾಠಿಯ ಹುಟ್ಟುಹಬ್ಬದ ಮಿಠಾಯಿಯನ್ನು ಕೇಳಿ ತಿಳಿದ ಮೇಲೆಯೇ ತಿನ್ನಬೇಕೆಂದು ಹೇಳಿಕೊಡುವುದು ಅಸಭ್ಯತೆಯಲ್ಲ. ಇಂತಹ ಹಾಳೆಯನ್ನು ಸಿದ್ಧಪಡಿಸಲು ಒಂದು ಸಂಜೆ ಸಾಕು; ಅಲರ್ಜಿ ಇರುವ ಮಕ್ಕಳ ಪೋಷಕರು ಇದನ್ನು ಮುಂದೂಡಬಾರದೆಂದು ನಾವು ವಿನಂತಿಸುತ್ತೇವೆ.