ಅಂಕ ತರದ ಸೇವೆ: ನೀಟ್ ಸಿದ್ಧತೆಯ ನಡುವೆ ಸಮುದಾಯ ಕಾರ್ಯ

ವೈದ್ಯರಾಗಬೇಕೆಂಬ ಆಸೆಯಿಂದ ಪಿಯುಸಿ ವಿಜ್ಞಾನ ವಿಭಾಗ ಸೇರಿದ ವಿದ್ಯಾರ್ಥಿಯ ದಿನಚರಿ ಕರ್ನಾಟಕದ ಬಹುತೇಕ ಊರುಗಳಲ್ಲಿ ಒಂದೇ ಬಗೆಯದು. ಬೆಳಿಗ್ಗೆ ಕಾಲೇಜು, ಸಂಜೆ ಕೋಚಿಂಗ್ ತರಗತಿ, ರಾತ್ರಿ ಮಾದರಿ ಪ್ರಶ್ನೆಪತ್ರಿಕೆ. ಮೊದಲ ಯತ್ನದಲ್ಲಿ ಸೀಟು ದೊರೆಯದಿದ್ದರೆ ಇದೇ ಕ್ರಮ ಇನ್ನೂ ಒಂದೆರಡು ವರ್ಷ ಮುಂದುವರಿಯುತ್ತದೆ. ಹೃದಯದ ಚಿತ್ರವನ್ನು ಪುಸ್ತಕ ನೋಡದೆ ಬಿಡಿಸಬಲ್ಲ ವಿದ್ಯಾರ್ಥಿಯು ಹೃದ್ರೋಗಿಯೊಬ್ಬರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಮಾತನಾಡಿದ ಉದಾಹರಣೆ ವಿರಳ.

ಈ ಅವಧಿಯಲ್ಲಿ ಸಮುದಾಯ ಸೇವೆಗೆ ಸಮಯ ಕೊಡುವುದು ಸರಿಯೇ ಎಂಬ ಪ್ರಶ್ನೆ ಪೋಷಕರಲ್ಲೂ ಉಪನ್ಯಾಸಕರಲ್ಲೂ ಮೂಡುವುದು ಸಹಜ. ಸೇವೆಯಿಂದ ಪ್ರವೇಶಕ್ಕೆ ಅಂಕ ಸಿಗುವುದಿಲ್ಲ ಎಂಬುದು ನಿಜ. ಆದರೆ ಹದಿನೇಳರ ವಯಸ್ಸಿನಲ್ಲಿ ಕೈಗೊಂಡು ಬದುಕಿಡೀ ನಿಭಾಯಿಸಬೇಕಾದ ನಿರ್ಧಾರವೊಂದನ್ನು ಮೊದಲೇ ಪರೀಕ್ಷಿಸಿ ನೋಡಲು ಇಷ್ಟು ಕಡಿಮೆ ಖರ್ಚಿನ ಮಾರ್ಗ ಇನ್ನೊಂದಿಲ್ಲ.

ಪ್ರವೇಶದ ಲೆಕ್ಕಾಚಾರ

ರಾಜ್ಯದಲ್ಲಿ ವೃತ್ತಿ ಶಿಕ್ಷಣದ ಸೀಟುಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾದದ್ದು 1994ರಲ್ಲಿ. ದೇಶಕ್ಕೆಲ್ಲ ಒಂದೇ ಆದ ನೀಟ್ ಪರೀಕ್ಷೆ ಮೊದಲು ನಡೆದದ್ದು 2013ರಲ್ಲಿ. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತಾದರೂ 2016ರಲ್ಲಿ ಪರೀಕ್ಷೆಗೆ ಮತ್ತೆ ಚಾಲನೆ ದೊರೆಯಿತು. 2017ರಿಂದ ರಾಜ್ಯದ ಸರ್ಕಾರಿ ಕೋಟಾದ ವೈದ್ಯಕೀಯ ಸೀಟುಗಳೂ ನೀಟ್ ಮೂಲಕವೇ ಹಂಚಿಕೆಯಾಗುತ್ತಿವೆ.

2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 720 ಅಂಕಗಳಿದ್ದವು. ಅದರಲ್ಲಿ ಅರ್ಧದಷ್ಟು, ಅಂದರೆ 360 ಅಂಕ, ಜೀವಶಾಸ್ತ್ರಕ್ಕೆ ಸೇರಿದ್ದು. ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು ಮಂದಿ. ದೇಶದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷವನ್ನು ದಾಟಿದ್ದರೂ ಪ್ರತಿ ಸೀಟಿಗೆ ಹದಿನೈದಕ್ಕೂ ಹೆಚ್ಚು ಅಭ್ಯರ್ಥಿಗಳಿದ್ದರು. ಮೀಸಲಾತಿ ಹಾಗೂ ವಿಶೇಷ ವರ್ಗಗಳ ನಿಯಮಗಳನ್ನು ಬಿಟ್ಟರೆ ಶ್ರೇಯಾಂಕವೇ ಸೀಟನ್ನು ನಿರ್ಧರಿಸುತ್ತದೆ. ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಸೇವೆ ಸಲ್ಲಿಸಲಾಗಿದೆ ಎಂದು ಯಾರೂ ಕೇಳುವುದಿಲ್ಲ. ಸಂದರ್ಶನವೂ ಇಲ್ಲ.

ಅಮೆರಿಕದ ಪದ್ಧತಿ ಭಿನ್ನ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯ ನಂತರವೇ ವೈದ್ಯಕೀಯ ಕಾಲೇಜಿಗೆ ಪ್ರವೇಶ. ಎಂಕ್ಯಾಟ್ ಪರೀಕ್ಷೆಯ ಅಂಕದ ಜೊತೆಗೆ ಅಭ್ಯರ್ಥಿಯ ಅನುಭವಗಳನ್ನೂ ಪರಿಶೀಲಿಸಲಾಗುತ್ತದೆ. ಹೆಚ್ಚಿನ ಕಾಲೇಜುಗಳು ಬಳಸುವ ಏಕರೂಪದ ಅರ್ಜಿಯಲ್ಲಿ 15 ಚಟುವಟಿಕೆಗಳವರೆಗೆ ನಮೂದಿಸಲು ಅವಕಾಶವಿದ್ದು, ಅವುಗಳಲ್ಲಿ ಅತ್ಯಂತ ಅರ್ಥಪೂರ್ಣವೆನಿಸಿದ ಮೂರನ್ನು ವಿವರಿಸಬಹುದು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೂ ಇದೇ ನಿಯಮ. ಈ ಪದ್ಧತಿಯಲ್ಲಿ ರೋಗಿಗಳನ್ನು ಕಂಡವರು ಮಾತ್ರ ವೃತ್ತಿಗೆ ಬರುತ್ತಾರೆ ಎಂಬ ಅನುಕೂಲವಿದೆ. ಅರ್ಜಿ ತುಂಬಿಸುವುದಕ್ಕಾಗಿಯೇ ಸೇವೆ ಮಾಡುವ ಅಪಾಯವೂ ಇದೆ. ಭಾರತದ ವಿದ್ಯಾರ್ಥಿಗೆ ಆ ಅಪಾಯವಿಲ್ಲ. ಆತನ ಸೇವೆಗೆ ಪ್ರತಿಫಲವೇ ಇಲ್ಲದಿರುವುದರಿಂದ ಪ್ರಮಾಣಪತ್ರದ ಹಿಂದೆ ಓಡುವ ಅಗತ್ಯವೂ ಇಲ್ಲ.

ಎಲ್ಲಿ, ಯಾವ ಕೆಲಸ

ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಅತಿ ಹತ್ತಿರದ ಬಾಗಿಲು. 1969ರ ಸೆಪ್ಟೆಂಬರ್ 24ರಂದು ಆರಂಭವಾದ ಈ ಯೋಜನೆಯ ಘಟಕಗಳು ಪದವಿ ಕಾಲೇಜುಗಳಲ್ಲಷ್ಟೇ ಅಲ್ಲದೆ ಅನೇಕ ಪದವಿಪೂರ್ವ ಕಾಲೇಜುಗಳಲ್ಲೂ ಇವೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಕೆಲಸ ಮಾಡುವುದು ಮತ್ತು ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳುವುದು ಇದರ ಕ್ರಮ. ರೆಡ್ ಕ್ರಾಸ್‌ನ ವಿದ್ಯಾರ್ಥಿ ಘಟಕಗಳು ಮತ್ತೊಂದು ಮಾರ್ಗ.

ಪಲ್ಸ್ ಪೋಲಿಯೊ ದಿನ ಬೂತಿನಲ್ಲಿ ಕೆಲಸ ಮಾಡುವುದು ಹೊಸಬರಿಗೆ ಒಳ್ಳೆಯ ಆರಂಭ. ಐದು ವರ್ಷದೊಳಗಿನ ಮಕ್ಕಳನ್ನು ಸಾಲಿನಲ್ಲಿ ಕರೆತರುವುದು, ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಗುರುತು ಹಾಕುವುದು, ಲೆಕ್ಕ ಬರೆಯುವುದು ಇಲ್ಲಿನ ಕೆಲಸ. ಮುಂದಿನ ದಿನಗಳಲ್ಲಿ ಬೂತಿಗೆ ಬಾರದ ಮಕ್ಕಳನ್ನು ಹುಡುಕಿ ಆಶಾ ಕಾರ್ಯಕರ್ತೆಯೊಂದಿಗೆ ಮನೆಮನೆಗೆ ಹೋಗಬೇಕಾಗುತ್ತದೆ. ಭಾರತದಲ್ಲಿ ಕಾಡು ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಾಣಿಸಿಕೊಂಡದ್ದು 2011ರ ಜನವರಿಯಲ್ಲಿ. ದೇಶಕ್ಕೆ ಪೋಲಿಯೊಮುಕ್ತ ಮಾನ್ಯತೆ ದೊರೆತದ್ದು 2014ರ ಮಾರ್ಚ್‌ನಲ್ಲಿ. ಬಾಗಿಲು ತಟ್ಟುವ ಈ ಸಣ್ಣ ಕೆಲಸವಿಲ್ಲದೆ ಆ ಸಾಧನೆ ಸಾಧ್ಯವಿರಲಿಲ್ಲ. ಲಸಿಕೆ ಬೇಡವೆನ್ನುವ ತಾಯಿಯ ಭಯವನ್ನು ಕೇಳಿಸಿಕೊಂಡು ಉತ್ತರಿಸುವ ಅಭ್ಯಾಸವನ್ನು ಯಾವ ಕೋಚಿಂಗ್ ಕೇಂದ್ರವೂ ಕಲಿಸದು.

ರಕ್ತದಾನ ಶಿಬಿರಗಳಲ್ಲಿಯೂ ಅವಕಾಶವಿದೆ. ದಾನಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂಗಿಂತ ಕಡಿಮೆ ಇರಬಾರದು. ಒಮ್ಮೆ ರಕ್ತ ಕೊಟ್ಟ ಬಳಿಕ ಪುರುಷರು 90 ದಿನ, ಮಹಿಳೆಯರು 120 ದಿನ ಕಾಯಬೇಕು. ಪಿಯುಸಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲವಾದ್ದರಿಂದ ಅವರು ದಾನಿಗಳಾಗಲಾರರು. ಆದರೆ ದಾನಿಗಳ ಹೆಸರು ನೋಂದಾಯಿಸುವುದು, ಮೊದಲ ಬಾರಿ ಬಂದವರ ಅಂಜಿಕೆ ಕಳೆಯುವುದು, ರಕ್ತ ಕೊಟ್ಟವರಿಗೆ ಹಣ್ಣಿನ ರಸ ನೀಡಿ ಸ್ವಲ್ಪ ಹೊತ್ತು ಗಮನಿಸುವುದು ಅವರಿಂದಾಗುವ ಕೆಲಸಗಳು.

ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಎದ್ದು ಕಾಣುವ ಕೊರತೆ ದಾರಿ ತೋರಿಸುವವರದು. ಹಳ್ಳಿಯಿಂದ ಬಂದ ರೋಗಿಗೆ ಹೊರರೋಗಿ ಚೀಟಿ ಎಲ್ಲಿ ಪಡೆಯಬೇಕು, ಎಕ್ಸ್‌ರೇ ಕೋಣೆ ಯಾವ ಕಡೆ, ಚೀಟಿಯಲ್ಲಿ ಏನು ಬರೆದಿದೆ ಎಂಬುದೇ ತಿಳಿಯುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದ್ದರೂ, ಯಾವ ದಾಖಲೆ ತರಬೇಕೆಂದು ಅರಿಯದೆ ಹಿಂದಿರುಗುವವರಿದ್ದಾರೆ. ಆಸ್ಪತ್ರೆಯ ಅನುಮತಿ ಪಡೆದು, ವಾರಕ್ಕೆ ಎರಡು ಗಂಟೆ ಸಹಾಯ ಕೇಂದ್ರದ ಬಳಿ ನಿಲ್ಲುವ ವಿದ್ಯಾರ್ಥಿಯು ಅಂತಹ ರೋಗಿಯ ಒಂದು ದಿನದ ಕೂಲಿಯನ್ನು ಉಳಿಸಬಲ್ಲ.

ಉಪಶಾಮಕ ಆರೈಕೆ ಇವೆಲ್ಲಕ್ಕಿಂತ ಕಠಿಣ. ಕೇರಳದ ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ಪ್ರಯತ್ನವು ಮುಂದೆ ತರಬೇತಿ ಪಡೆದ ನೆರೆಹೊರೆಯವರೇ ಹಾಸಿಗೆ ಹಿಡಿದವರ ಮನೆಗೆ ಭೇಟಿ ನೀಡುವ ಜಾಲವಾಗಿ ಬೆಳೆಯಿತು. ಬೆಂಗಳೂರಿನ ಕರುಣಾಶ್ರಯವು 1999ರಿಂದ ಉಲ್ಬಣಗೊಂಡ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತ ಬಂದಿದೆ. ಗುಣವಾಗದ ಕಾಯಿಲೆಯ ಮುಂದೆ ವೈದ್ಯಕೀಯದ ಕೆಲಸವೇನು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಂತಹ ಕಡೆಯಲ್ಲೇ. ಆದರೆ ತರಬೇತಿ ಹಾಗೂ ಹಿರಿಯರ ಜೊತೆಯಿಲ್ಲದೆ ಹದಿಹರೆಯದವರು ಈ ಕೆಲಸಕ್ಕೆ ಇಳಿಯುವುದು ಉಚಿತವಲ್ಲ.

ಮೊದಲು ಕಲಿಯಬೇಕಾದದ್ದು

ಸೇವೆಗೆ ಮುನ್ನ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯುವುದು ಒಳಿತು. ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್ ಕ್ರಾಸ್ ಸಂಸ್ಥೆಗಳು ಇಂತಹ ತರಬೇತಿ ನೀಡುತ್ತವೆ. ಹೃದಯ ಸ್ತಂಭನವಾದ ವಯಸ್ಕರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂಬುದನ್ನು ಓದಿ ತಿಳಿಯುವುದು ಬೇರೆ, ಬೊಂಬೆಯ ಮೇಲೆ ಎರಡು ನಿಮಿಷ ಒತ್ತಿ ತೋಳು ಸೋತಾಗ ತಿಳಿಯುವುದು ಬೇರೆ. ರಾಜ್ಯದಲ್ಲಿ 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಸೇವೆ ಲಭ್ಯವಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಕಾನೂನಿನ ರಕ್ಷಣೆ ಒದಗಿಸಿದೆ.

ಗ್ರಾಮೀಣ ವಿದ್ಯಾರ್ಥಿಗಳು ಹಾವು ಕಡಿತದ ಬಗೆಗೆ ಅರಿವು ಮೂಡಿಸಬಹುದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು; ಕೈಕಾಲು ಅಲುಗಾಡದಂತೆ ಇರಿಸಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಈ ನಾಲ್ಕು ಮಾತು ಒಂದು ಊರಿಗೆ ತಲುಪಿದರೂ ಜೀವ ಉಳಿಯಬಹುದು.

ಮಾಡಬಾರದ ಕೆಲಸಗಳು

ಸ್ವಯಂಸೇವಕ ವೈದ್ಯನಲ್ಲ. ಚುಚ್ಚುಮದ್ದು ಕೊಡುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಮಾತ್ರೆ ಸೂಚಿಸುವುದು, ಪರೀಕ್ಷಾ ವರದಿ ನೋಡಿ ರೋಗದ ಹೆಸರು ಹೇಳುವುದು ಆತನ ಕೆಲಸವಲ್ಲ. ಪರಿಚಯದ ಕ್ಲಿನಿಕ್‌ನಲ್ಲಿ ಉತ್ಸಾಹದಿಂದ ಇಂತಹ ಅವಕಾಶ ಕೊಟ್ಟರೂ ನಿರಾಕರಿಸಬೇಕು. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಡಿ ಶಿಕ್ಷಾರ್ಹ ಅಪರಾಧ. ಅದಕ್ಕೂ ಮಿಗಿಲಾಗಿ, ಕಲಿಯುವವನ ಕೈ ಪಳಗಲು ಬಡ ರೋಗಿಯ ದೇಹ ಬಳಕೆಯಾಗಬಾರದು.

ರೋಗಿಯ ಗೌಪ್ಯತೆಯೂ ಅಷ್ಟೇ ಮುಖ್ಯ. ವಾರ್ಡಿನಲ್ಲಿ ಕಂಡದ್ದನ್ನು ಮನೆಯಲ್ಲಾಗಲಿ ಗೆಳೆಯರಲ್ಲಾಗಲಿ ಹೆಸರು ಹೇಳಿ ವಿವರಿಸುವಂತಿಲ್ಲ. ರೋಗಿಯ ಜೊತೆ ಚಿತ್ರ ತೆಗೆದು ಸಾಮಾಜಿಕ ಜಾಲತಾಣದಲ್ಲಿ ಹಂಚಿದರೆ ಅದು ಸೇವೆಯಾಗಿ ಉಳಿಯುವುದಿಲ್ಲ. 18 ವರ್ಷದೊಳಗಿನವರು ಪೋಷಕರ ಒಪ್ಪಿಗೆ ಪಡೆದೇ ಆಸ್ಪತ್ರೆಯ ಕೆಲಸಕ್ಕೆ ಸೇರಬೇಕು. ಸೋಂಕಿನ ವಾರ್ಡುಗಳಿಂದ ದೂರವಿರಬೇಕು.

ಸಮಯದ ಹೊಂದಾಣಿಕೆ

ಪರೀಕ್ಷೆಯ ವರ್ಷದಲ್ಲಿ ಹೆಚ್ಚು ಸಮಯ ಕೊಡಲಾಗದು ಎಂಬುದು ವಾಸ್ತವ. ಎಸ್ಸೆಸ್ಸೆಲ್ಸಿ ಮುಗಿದ ನಂತರದ ರಜೆ, ಪ್ರಥಮ ಪಿಯುಸಿಯ ವಾರಾಂತ್ಯ ಹಾಗೂ ದಸರಾ ರಜೆ ಸೂಕ್ತ ಕಾಲ. ದ್ವಿತೀಯ ಪಿಯುಸಿಯಲ್ಲಿ ತಿಂಗಳಿಗೆ ಒಂದು ಭಾನುವಾರದ ಬೆಳಗು ಸಾಕು. ಬೇಸಿಗೆಯಲ್ಲಿ ನೀಟ್ ಮುಗಿದು ಕೌನ್ಸೆಲಿಂಗ್ ಮೂಲಕ ಸೀಟು ಹಂಚಿಕೆಯಾಗುವವರೆಗಿನ ವಾರಗಳನ್ನು ಹೆಚ್ಚಿನವರು ಆತಂಕದಲ್ಲೇ ಕಳೆಯುತ್ತಾರೆ. ಸೇವೆಗೆ ಅತ್ಯಂತ ಬಿಡುವಿನ ಅವಧಿ ಅದೇ. ಹತ್ತು ಕಡೆ ಒಂದೊಂದು ದಿನ ಹೋಗುವುದಕ್ಕಿಂತ ಒಂದೇ ಕಡೆ ಹತ್ತು ದಿನ ಹೋಗುವುದು ಮೇಲು. ಎರಡನೆಯ ವಾರವೂ ಬಂದವರನ್ನು ಮಾತ್ರ ರೋಗಿಗಳು ಗುರುತಿಟ್ಟುಕೊಳ್ಳುತ್ತಾರೆ.

ಇದು ಓದಿನ ದಾರಿಯಿಂದ ಹೊರಗಿನ ಕೆಲಸವೂ ಅಲ್ಲ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವು ಮೊದಲ ವರ್ಷದಿಂದಲೇ ರೋಗಿಗಳ ಸಂಪರ್ಕವನ್ನೂ ಮನೋಭಾವ, ವೃತ್ತಿನೀತಿ ಮತ್ತು ಸಂವಹನದ ಪಾಠವನ್ನೂ ಒಳಗೊಂಡಿದೆ. 2022ರಿಂದ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ನಿಗಾ ವಹಿಸುವ ಕುಟುಂಬ ದತ್ತು ಕಾರ್ಯಕ್ರಮವೂ ಸೇರಿದೆ. ಈ ಮೊದಲೇ ಮನೆಗಳ ಹೊಸ್ತಿಲು ದಾಟಿದವರಿಗೆ ಆ ಭೇಟಿಗಳು ಹೊಸತೆನಿಸುವುದಿಲ್ಲ. ವಿದ್ಯಾರ್ಥಿ ದೆಸೆಯ ಸೇವೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಸಹಪಾಠಿಗಳು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ, 1984ರಲ್ಲಿ, ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿನ ಬುಡಕಟ್ಟು ಜನರಿಗೆ ಆಸ್ಪತ್ರೆಯನ್ನೂ ಶಾಲೆಯನ್ನೂ ಒದಗಿಸಿತು.

ಸೀಟು ಸಿಗದಿದ್ದರೆ

ಪ್ರತಿ ಸೀಟಿಗೆ ಹದಿನೈದಕ್ಕೂ ಹೆಚ್ಚು ಮಂದಿ ಸ್ಪರ್ಧಿಸುವಾಗ ಹೆಚ್ಚಿನವರಿಗೆ ಸೀಟು ಸಿಗುವುದಿಲ್ಲ ಎಂಬುದು ಗಣಿತ. ಅದು ಯಾರದೇ ಅಪರಾಧವಲ್ಲ. ಎರಡು ಮೂರು ವರ್ಷ ಪುಸ್ತಕವನ್ನಷ್ಟೇ ಕಂಡವರಿಗೆ ಆಗ ಎಲ್ಲ ಬಾಗಿಲೂ ಮುಚ್ಚಿದಂತೆ ತೋರುತ್ತದೆ. ಆಸ್ಪತ್ರೆಯ ಒಳಗನ್ನು ಕಂಡವರಿಗೆ ಶುಶ್ರೂಷಕಿಯರು, ಫಿಸಿಯೊಥೆರಪಿಸ್ಟ್‌ಗಳು, ಪ್ರಯೋಗಾಲಯ ತಂತ್ರಜ್ಞರು, ಸಮಾಜ ಕಾರ್ಯಕರ್ತರು ಮಾಡುವ ಕೆಲಸದ ಪರಿಚಯವಿರುತ್ತದೆ. ರೋಗಿಯ ಬಳಿ ಇರಬೇಕೆಂಬ ಆಸೆ ಈಡೇರಲು ವೈದ್ಯ ಪದವಿ ಒಂದೇ ದಾರಿಯಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಫಲಿತಾಂಶದ ದಿನಗಳಲ್ಲಿ ಮನಸ್ಸು ಕುಸಿದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಉಚಿತ ಸೇವೆ.

ಇದಕ್ಕೆ ವಿರುದ್ಧವಾದ ಅನುಭವವೂ ಆಗಬಹುದು. ವಾರ್ಡಿನ ವಾಸನೆ, ನರಳಾಟ, ಸಾವಿನ ಮನೆಯ ಮೌನ ತನ್ನಿಂದ ಸಹಿಸಲಾಗದು ಎಂದು ಒಬ್ಬ ವಿದ್ಯಾರ್ಥಿಗೆ ಮನವರಿಕೆಯಾಗಬಹುದು. ಮನೆಯವರ ಆಸೆಗೆ ತಲೆಬಾಗಿ ಈ ದಾರಿ ಹಿಡಿದವರಿಗೆ ಆ ಅರಿವು ಸಣ್ಣದಲ್ಲ. ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟಿ, ನಾಲ್ಕೂವರೆ ವರ್ಷದ ವ್ಯಾಸಂಗ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್‌ನ ನಡುವೆ ಅದು ತಿಳಿಯುವುದಕ್ಕಿಂತ, ಪಿಯುಸಿಯ ಒಂದು ರಜೆಯಲ್ಲಿ ತಿಳಿಯುವುದು ವಿದ್ಯಾರ್ಥಿಗೂ ಮುಂದೆ ಆತನ ಬಳಿ ಬರಲಿದ್ದ ರೋಗಿಗಳಿಗೂ ಹಿತ.