ಯಾರ ಮಗ?

ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಟ್ಟ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರಿನಲ್ಲಿ ಮೂಲತಃ ‘ಜಿ’ ಇರಲೇ ಇಲ್ಲ. ಸ್ಕಾಟರ ಹಳೆಯ ಬರಹದಲ್ಲಿ ಯಕಾರದಂಥ ಉಲಿಗೆ ಒಂದು ಅಕ್ಷರವಿತ್ತು, ನೋಡಲು ಇಂಗ್ಲಿಷಿನ ಮೂರರ ಅಂಕಿಯಂತೆ. ಮುದ್ರಣ ಬಂದಾಗ ಅದರ ಅಚ್ಚುಮೊಳೆ ಸಿಗದೆ, ಹತ್ತಿರದ ಹೋಲಿಕೆಯೆಂದು ‘ಝಡ್’ ಕೂರಿಸಿದರು. ಕಣ್ಣಿಗೆ ಮಾಡಿಕೊಂಡ ಅನುಕೂಲ ಬರಬರುತ್ತ ನಾಲಿಗೆಗೂ ಇಳಿಯಿತು. ಅದೇ ಝಡ್ ಹೊತ್ತ ಮೆಂಜೀಸ್ ಮನೆತನದ ಹಲವರು ಮಾತ್ರ ಇಂದಿಗೂ ‘ಮಿಂಗಿಸ್’ ಎಂದರೇ ತಿರುಗಿ ನೋಡುವುದು.

ಇದು ಬಾಲದ ಕತೆಯಾಯಿತು. ತಲೆಯಲ್ಲಿರುವ ‘ಮ್ಯಾಕ್’ಗೆ ಗೇಲಿಕ್ ಮಾತಿನಲ್ಲಿ ಮಗ ಎಂದರ್ಥ. ಮೆಕೆಂಜಿ ಎಂದರೆ ಕೆನೆತ್‌ನ ಮಗ. ಮೊದಮೊದಲು ಅಪ್ಪ ಬೇರೆಯಾದರೆ ಈ ಹೆಸರೂ ಬೇರೆ. ಆಮೇಲೆ ಯಾವನೋ ಒಬ್ಬ ಮೂಲಪುರುಷನಲ್ಲಿ ಹೆಪ್ಪುಗಟ್ಟಿತು. ಮ್ಯಾಕಿಂಟೈರ್ ಬಡಗಿಯ ಮಗ, ಮ್ಯಾಕ್‌ಟ್ಯಾಗರ್ಟ್ ಪಾದ್ರಿಯ ಮಗ, ಮ್ಯಾಕ್‌ನ್ಯಾಬ್ ಮಠಾಧಿಪತಿಯ ಮಗ. ಮಠಾಧಿಪತಿಗೆ ಮಗನೇ ಎಂದು ಹುಬ್ಬೇರಿಸಬೇಡಿ, ಆ ಕಾಲಕ್ಕೆ ಅಲ್ಲಿ ಮಠದ ಪಟ್ಟವೂ ತಂದೆಯಿಂದ ಮಗನಿಗೆ ಬರುತ್ತಿದ್ದುದುಂಟು. ಮಗಳಾದರೆ ‘ಮ್ಯಾಕ್’ ಅಲ್ಲ, ‘ನಿಕ್’. ಮೆಕೆಂಜಿ ಹುಟ್ಟಿದ ಲೂಯಿಸ್ ದ್ವೀಪದಲ್ಲಿ ಗೇಲಿಕ್ ಆಡುವಾಗ ಅಣ್ಣ ಮ್ಯಾಕ್ ಕೊನಿಖ್, ತಂಗಿ ನಿಕ್ ಕೊನಿಖ್. ಇಂಗ್ಲಿಷ್ ಕಡತ ಇಬ್ಬರನ್ನೂ ಮಗನೆಂದೇ ಬರೆದುಕೊಂಡಿತು.

ಮಗ ಎಂದ ಮಾತ್ರಕ್ಕೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ನಾಯಕನ ಆಶ್ರಯಕ್ಕೆ ಬಂದ ಒಕ್ಕಲು ಅವನ ಹೆಸರನ್ನೇ ಹೊದ್ದುಕೊಂಡದ್ದೂ ಇದೆ. ಆ ಹೊದಿಕೆಯನ್ನೇ ಸರ್ಕಾರ ಕಿತ್ತುಕೊಂಡದ್ದು ಮ್ಯಾಕ್‌ಗ್ರೆಗರ್‌ಗಳಿಂದ. 1603ರಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಅವರು ಕಹೂನ್ ಕುಲದವರನ್ನು ಕಡಿದು ಹಾಕಿದ ಮೇಲೆ, ಆರನೇ ಜೇಮ್ಸ್ ಆಡಳಿತ ಆ ಹೆಸರನ್ನೇ ನಿಷೇಧಿಸಿತು. ಇಟ್ಟುಕೊಂಡರೆ ತಲೆ ಹೋಗುತ್ತಿತ್ತು. ಜನ ಮರ್ರೆಗಳಾದರು, ಗ್ರಾಂಟ್‌ಗಳಾದರು, ಡ್ರಮಂಡ್‌ಗಳಾದರು. ಕೆಲವರು ತಮ್ಮ ಜಮೀನು ನುಂಗಿದ ಕ್ಯಾಂಬೆಲ್‌ಗಳ ಹೆಸರನ್ನೇ ಇಟ್ಟುಕೊಂಡರು. ಹೀಗೆ ಒಂದೇ ಕುಲದ ಕವಲುಗಳು ಹತ್ತು ಹೆಸರಿನಲ್ಲಿ ಚೆದುರಿದವು. 1661ರಲ್ಲಿ ತೆಗೆದ ನಿಷೇಧ 1693ರಲ್ಲಿ ಮರಳಿ ಬಂತು. ದನಗಳ ವ್ಯಾಪಾರಿಯಾಗಿದ್ದು ಕಡೆಗೆ ದಂಗೆಕೋರನೆನಿಸಿಕೊಂಡ ರಾಬ್ ರಾಯ್ ಕಾಗದಪತ್ರಗಳಿಗೆ ತಾಯಿಯ ಕಡೆಯ ‘ಕ್ಯಾಂಬೆಲ್’ ಎಂದು ಸಹಿ ಹಾಕುತ್ತಿದ್ದ. 1734ರಲ್ಲಿ ಅವನು ಸತ್ತಾಗಲೂ ಅಪ್ಪನ ಹೆಸರು ಕಾನೂನುಬಾಹಿರವೇ. ಅದು ಬಿಡುಗಡೆಯಾದದ್ದು 1774ರಲ್ಲಿ. ಬಾಲ್‌ವಿಡರ್‌ನ ಇಗರ್ಜಿಯ ಅಂಗಳದಲ್ಲಿ ಈಗ ಅವನ ಸಮಾಧಿಯ ಮೇಲೆ ಕೆತ್ತಿರುವುದು ಮ್ಯಾಕ್‌ಗ್ರೆಗರ್ ಎಂದೇ, ನಿಷೇಧಿಸಿದವರು ಏನೇ ಅಂದುಕೊಳ್ಳಲಿ ಎಂಬ ಧಾಟಿಯಲ್ಲಿ.